ಮುದಿ ಹೆಣ್ಣಿನ ಸುಖದ ಮಾತು: ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಕೆಲವು ನೆಲೆಗಳು

ಜನಪದ ಹಾಡುಗಳ ಸಂಪಾದಿತ ಸಂಕಲನಗಳ ಕೊನೆಯಲ್ಲಿ ವಕ್ತೃಗಳ ಪಟ್ಟಿಯೊಂದನ್ನು ಕೊಡುವ ಪದ್ಧತಿ ಕನ್ನಡದಲ್ಲಿ ಬಹುಕಾಲದಿಂದ ಇದೆ. ಹಾಡಿದವರ ಹೆಸರು, ಊರು, ಜಾತಿ, ವಯಸ್ಸು ಎಂಬ ವಿವರಗಳುಳ್ಳ ಈ ಪಟ್ಟಿಯನ್ನು ಓದುಗರಿರಲಿ, ಸಂಶೋಧಕರೂ ಸಾಮಾನ್ಯವಾಗಿ ದಾಟಿ ಹೋಗುತ್ತಾರೆ. ವಯಸ್ಸಿನ ಕಲಮಿನ ಮೇಲೆ ಕಣ್ಣಾಡಿಸಿದರೆ ಅಲ್ಲಿ ಐವತ್ತೈದು, ಅರವತ್ತು, ಎಪ್ಪತ್ತು ಎಂಬ ಅಂಕಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಸೋಬಾನೆಯಲ್ಲಿ ಮದುಮಗಳ ಮೈಯನ್ನು ಬಣ್ಣಿಸಿದವಳು, ಪ್ರಸ್ತದ ಕೋಣೆಯ ಬಾಗಿಲಲ್ಲಿ ನಿಂತು ಕೀಟಲೆಯ ಪದ ಹೇಳಿದವಳು, ಬೀಗರ ಪದದಲ್ಲಿ ಎದುರು ಪಕ್ಷದವರ ಮಾನ ಹರಾಜಿಗಿಟ್ಟವಳು ಹೆಚ್ಚಾಗಿ ಹರೆಯದ ಹೆಣ್ಣಲ್ಲ; ಮೊಮ್ಮಕ್ಕಳನ್ನು ಕಂಡ ಹೆಣ್ಣು. ಆದರೆ ಸಂಕಲನದ ಒಳಪುಟಗಳಲ್ಲಿ ಇವು ‘ಮದುವೆಯ ಹಾಡುಗಳು’, ‘ಪ್ರಸ್ತದ ಹಾಡುಗಳು’ ಎಂಬ ಶೀರ್ಷಿಕೆಗಳ ಕೆಳಗೆ ಸೇರಿ, ಅವುಗಳಲ್ಲಿರುವ ಸುಖದ ಅನುಭವವೆಲ್ಲ ಮದುಮಗಳ ಖಾತೆಗೆ ಜಮೆಯಾಗುತ್ತದೆ. ಹಾಡಿದವಳು ಆಕರವಾಗಿ ಮಾತ್ರ ಅನುಬಂಧದಲ್ಲಿ ಉಳಿಯುತ್ತಾಳೆ.

ಇಳಿವಯಸ್ಸಿನ ಮಹಿಳೆಯರ ಆಪ್ತತೆ ಮತ್ತು ಸುಖದ ಅನುಭವಗಳನ್ನು ಕನ್ನಡದ ಮೌಖಿಕ ಹಾಗೂ ಲಿಖಿತ ಪಠ್ಯಗಳು ಹೇಗೆ ನಿರ್ವಹಿಸಿವೆ ಎಂಬುದನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಸೀಮೆಯ ಆಯ್ಕೆಗೆ ಕಾರಣವಿದೆ. ದಾಸಪಂಥದ ಎರಡನೆಯ ಘಟ್ಟ ಹುಟ್ಟಿ ಬೆಳೆದದ್ದು ಇಲ್ಲಿ. ಬೀಸುವ, ಕುಟ್ಟುವ, ಸೋಬಾನೆಯ ಪದಗಳು ಇಂದಿಗೂ ಹಿರಿಯ ಹೆಂಗಸರ ಬಾಯಲ್ಲಿ ಉಳಿದಿರುವುದು ಇಲ್ಲಿ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಕಾರಣ ದಖನಿ ಉರ್ದುವಿನ ಹೆಣ್ಣುನುಡಿಯೂ ಇಲ್ಲಿ ಮನೆಮಾತಾಗಿದೆ. ಮೂರು ಧಾರೆಗಳೂ ಮುದುಕಿಗೆ ಸುಖದ ಮಾತನ್ನಾಡುವ ಪರವಾನಗಿಯನ್ನು ಕೊಟ್ಟಿವೆ. ಆದರೆ ಆ ಮಾತು ಅವಳ ಸ್ವಂತದ್ದಲ್ಲ ಎಂಬ ಷರತ್ತಿನ ಮೇಲೆ ಕೊಟ್ಟಿವೆ. ಕನ್ನಡ ಸಾಹಿತ್ಯ ಬಹುಮಟ್ಟಿಗೆ ಈ ಷರತ್ತನ್ನು ಪಾಲಿಸಿದೆ. ಕನ್ನಡ ಸಂಶೋಧನೆ ಅದನ್ನು ಪ್ರಶ್ನಿಸದೆ ಮುಂದುವರಿಸಿದೆ ಎಂಬುದು ಇಲ್ಲಿನ ವಾದ. ಆಪ್ತತೆ ಎಂಬ ಮಾತನ್ನು ಇಲ್ಲಿ ಕೇವಲ ಸಂಭೋಗದ ಅರ್ಥದಲ್ಲಿ ಬಳಸಿಲ್ಲ. ಮೈಯೊಂದು ಮತ್ತೊಂದು ಮೈಯ ಸನಿಹವನ್ನು ಬಯಸುವ, ಪಡೆಯುವ, ನೆನೆಯುವ ಎಲ್ಲ ಬಗೆಗಳನ್ನೂ ಅದು ಒಳಗೊಳ್ಳುತ್ತದೆ.

ಐವತ್ತರ ಗಡಿ

ರತಿಶಾಸ್ತ್ರ ಪರಂಪರೆಯು ಹೆಣ್ಣನ್ನು ಬಾಲೆ, ತರುಣಿ, ಪ್ರೌಢೆ, ವೃದ್ಧೆ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕನ್ನಡದಲ್ಲಿಯೂ ಚಂದ್ರರಾಜನ ‘ಮದನತಿಲಕ’, ಕಲ್ಲರಸನ ‘ಜನವಶ್ಯ’ದಂಥ ಕೃತಿಗಳ ಮೂಲಕ ಈ ಶಾಸ್ತ್ರ ಪರಿಚಿತವೇ ಆಗಿದೆ. ಪ್ರೌಢೆಯ ಅವಧಿ ಐವತ್ತು–ಐವತ್ತೈದರ ಆಸುಪಾಸಿಗೆ ಮುಗಿಯುತ್ತದೆ. ಗ್ರಂಥದಿಂದ ಗ್ರಂಥಕ್ಕೆ ಸ್ವಲ್ಪ ವ್ಯತ್ಯಾಸವುಂಟು. ಮೊದಲ ಮೂವರ ಬಗೆಗೆ ವಿಸ್ತಾರವಾದ ವಿವರಣೆ ನೀಡುವ ಶಾಸ್ತ್ರ, ನಾಲ್ಕನೆಯವಳನ್ನು ವರ್ಜಿಸಬೇಕು ಎಂದು ಹೇಳುವುದಕ್ಕಷ್ಟೇ ಹೆಸರಿಸುತ್ತದೆ. ಅವಳಿಗೆ ಬೇಕೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ; ಗಂಡಿಗೆ ಅವಳು ಬೇಕೇ ಎಂಬುದೊಂದೇ ಪ್ರಶ್ನೆ.

ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಭಾರತೀಯರ ದೇಹ, ದಾಂಪತ್ಯ, ಆರೋಗ್ಯಗಳ ಬಗ್ಗೆ ಅತ್ಯಂತ ಹೆಚ್ಚು ಉಲ್ಲೇಖಗೊಳ್ಳುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019–21) ಸಂದರ್ಶಿಸಿದ್ದು 15ರಿಂದ 49 ವರ್ಷದ ಮಹಿಳೆಯರನ್ನು. ಗಂಡಸರ ವಿಷಯದಲ್ಲಿ ಆ ಮಿತಿ 54. ಹೆರುವ ವಯಸ್ಸನ್ನು ಅಳತೆಗೋಲಾಗಿ ಇಟ್ಟುಕೊಂಡ ಸಮೀಕ್ಷೆಗೆ ಅದು ಸಹಜವಾದ ಮಿತಿಯೇ ಇರಬಹುದು. ಆದರೆ ಪರಿಣಾಮವೇನೆಂದರೆ, ಮುಟ್ಟು ನಿಂತ ಹೆಣ್ಣಿನ ಮೈ ಅಂಕಿ-ಅಂಶಗಳ ಲೋಕದಿಂದಲೂ ಸುಮಾರಾಗಿ ರತಿಶಾಸ್ತ್ರ ಎಳೆದ ಗೆರೆಯಲ್ಲಿಯೇ ಮರೆಯಾಗುತ್ತದೆ. ಶಾಸ್ತ್ರಕಾರನಿಗೂ ಸಮೀಕ್ಷಕನಿಗೂ ಪರಸ್ಪರ ಪರಿಚಯವಿಲ್ಲ. ಗಡಿ ಮಾತ್ರ ಒಂದೇ.

ಮುಪ್ಪು ಮತ್ತು ಕಾಮದ ಸಂಬಂಧವನ್ನು ನಮ್ಮ ಕಾವ್ಯ ಪರಂಪರೆ ಶೋಧಿಸಿಲ್ಲವೆಂದಲ್ಲ. ಅದು ಗಂಡಸಿನ ವಸ್ತುವಾಗಿ ಶೋಧಗೊಂಡಿದೆ. ಜನ್ನನ ‘ಯಶೋಧರಚರಿತೆ’ಯಲ್ಲಿ (1209) ಯಶೌಘನಿಗೆ ಕಂಡ ಒಂದು ನರೆಗೂದಲು ವೈರಾಗ್ಯಕ್ಕೆ ಕರೆಯಾಗುತ್ತದೆ, ರಾಣಿಯ ತಲೆಯ ನರೆಗೆ ಅಂಥ ಗೌರವದ ಸನ್ನಿವೇಶ ದೊರೆತದ್ದು ಅಪರೂಪ. ಗಿರೀಶ ಕಾರ್ನಾಡರ ‘ಯಯಾತಿ’ (1961) ಮಗನ ಯೌವನವನ್ನು ಎರವಲು ಪಡೆದ ತಂದೆಯ ಕಥೆಯನ್ನು ಆಧುನಿಕ ಪ್ರಜ್ಞೆಯಿಂದ ಮರುಪರಿಶೀಲಿಸಿತು. ಅಲ್ಲಿ ಸೊಸೆ ಚಿತ್ರಲೇಖೆ ಎಸೆಯುವ ಸವಾಲು ತೀಕ್ಷ್ಣವಾದುದು. ಆದರೂ ದೇವಯಾನಿ, ಶರ್ಮಿಷ್ಠೆಯರ ಮುಪ್ಪು ಎಂಥದು ಎಂಬ ಪ್ರಶ್ನೆ ಮೂಲ ಪುರಾಣದಲ್ಲಿರುವಂತೆ ನಾಟಕದಲ್ಲಿಯೂ ಕೇಂದ್ರಕ್ಕೆ ಬರುವುದಿಲ್ಲ. ಚಂಪೂಕಾವ್ಯಗಳ ವೇಶ್ಯಾವಾಟಿಯ ವರ್ಣನೆಗಳಲ್ಲಿ ಮುದುಕಿ ಬರುತ್ತಾಳೆ, ಕುಂಟಣಿಯಾಗಿ. ಕಾಮಕಲೆಯ ಸಕಲ ಜ್ಞಾನವೂ ಅವಳಲ್ಲಿದೆ; ಅದನ್ನು ಅವಳು ಇನ್ನೊಬ್ಬಳಿಗೆ ಕಲಿಸಬೇಕು, ಇಲ್ಲವೇ ನಗೆಪಾಟಲಾಗಬೇಕು. ಮೂರನೆಯ ದಾರಿಯನ್ನು ಕವಿಗಳು ಅವಳಿಗೆ ಕೊಟ್ಟಿಲ್ಲ.

ಆಚರಣೆಗಳಲ್ಲಿಯೂ ಇದೇ ತಾರತಮ್ಯವನ್ನು ಕಾಣಬಹುದು. ಷಷ್ಟ್ಯಬ್ದಿಯಲ್ಲಿ ಅರವತ್ತು ತುಂಬಿದ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುತ್ತಾನೆ. ಮಕ್ಕಳು, ಮೊಮ್ಮಕ್ಕಳು ನಗುತ್ತ ಸುತ್ತ ನಿಂತಿರುತ್ತಾರೆ. ವೃದ್ಧ ದಾಂಪತ್ಯವನ್ನು ಬಹಿರಂಗವಾಗಿ ಸಂಭ್ರಮಿಸುವ ಅಪರೂಪದ ಸಂದರ್ಭವಿದು. ಆದರೆ ಲೆಕ್ಕಕ್ಕೆ ಬರುವುದು ಗಂಡನ ವಯಸ್ಸು. ಹೆಂಡತಿಗೆ ಅರವತ್ತು ತುಂಬಿದ ದಿನಕ್ಕೆ ಶಾಂತಿಯೂ ಇಲ್ಲ, ಹೋಮವೂ ಇಲ್ಲ. ಅಷ್ಟು ಹೊತ್ತಿಗೆ ಗಂಡ ಬದುಕಿರುವುದೂ ಎಲ್ಲರ ಪಾಲಿಗೆ ಬಂದದ್ದಲ್ಲ. ಬಾಲ್ಯವಿವಾಹದಲ್ಲಿ ಹತ್ತು ಹದಿನೈದು ವರ್ಷ ಹಿರಿಯನನ್ನು ಕೈಹಿಡಿದ ಈ ಸೀಮೆಯ ಹಿರಿಯ ತಲೆಮಾರಿನ ಹೆಂಗಸರ ಮಟ್ಟಿಗಂತೂ ಇಲ್ಲ.

‘ಸಂಸಾರ’ ಎಂಬ ಪದ ಮತ್ತು ಒಳಕೋಣೆ

ಹೆಂಗಸರ ಆಡುಮಾತಿನಲ್ಲಿ ಗಂಡ-ಹೆಂಡಿರ ಮೈಸಂಬಂಧಕ್ಕೆ ಬಳಕೆಯಾಗುವ ಮಾತು ‘ಸಂಸಾರ ಮಾಡುವುದು’. ಶಿಷ್ಟ ಭಾಷೆಯ ಕಾಮ, ರತಿ, ಸಂಭೋಗ ಎಂಬ ಪದಗಳು ಅಲ್ಲಿ ಹೊರಗಿನವು; ಬೈಗುಳದ ಪದಗಳು ಗಂಡಸರವು. ‘ಸಂಸಾರ’ ಎಂಬ ಒಂದೇ ಪದ ಒಲೆ, ಧಾನ್ಯದ ಹಗೇವು, ಮಕ್ಕಳು, ಸಾಲ, ಹಾಸಿಗೆ ಎಲ್ಲವನ್ನೂ ಹೊರುತ್ತದೆ. ಇದರ ಪರಿಣಾಮವನ್ನು ಗಮನಿಸಬೇಕು. ಸೊಸೆ ಬಂದು ಅಡುಗೆಮನೆಯ ಹೊಣೆ ಹೊತ್ತಾಗ ಅತ್ತೆ ‘ಸಂಸಾರ ಬಿಟ್ಟಳು’ ಎನ್ನಲಾಗುತ್ತದೆ. ಬಿಟ್ಟದ್ದು ಒಲೆಯನ್ನೋ ಹಾಸಿಗೆಯನ್ನೋ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಭಾಷೆಯೇ ಎರಡನ್ನೂ ಒಟ್ಟಿಗೆ ಕೈಬಿಡಿಸುತ್ತದೆ.

ಮನೆಯ ರಚನೆಯೂ ಇದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಈ ಭಾಗದ ಮಾಳಿಗೆ ಮನೆಗಳಲ್ಲಿ ಬಾಗಿಲು ಮುಚ್ಚಬಹುದಾದ ಒಳಕೋಣೆ ಒಂದೋ ಎರಡೋ ಇರುತ್ತವೆ. ಮಗನ ಮದುವೆಯಾದೊಡನೆ ಅದು ಮಗ-ಸೊಸೆಯ ಪಾಲು. ಮುದುಕನ ಹಾಸಿಗೆ ಕಟ್ಟೆಗೋ ಪಡಸಾಲೆಗೋ ಬರುತ್ತದೆ, ಮುದುಕಿಯ ಹಾಸಿಗೆ ಮೊಮ್ಮಕ್ಕಳ ನಡುವೆ. ಯಾರೂ ಅಪ್ಪಣೆ ಕೊಡಿಸಿ ಇದನ್ನು ಮಾಡುವುದಿಲ್ಲ. ಆದರೆ ಆಮೇಲೆ ಒಂದೇ ಕೋಣೆಯಲ್ಲಿ ಮಲಗಲು ಬಯಸುವ ಹಿರಿಯರು ಮಾತಿಗೆ ಆಹಾರವಾಗುತ್ತಾರೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಅಂಥ ಹೊತ್ತಿಗೆ ಸಿದ್ಧವಾಗಿರುತ್ತದೆ. ಬಡವರ ಮನೆಗಳಲ್ಲಿ, ರಾಯಚೂರು ನಗರದ ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ, ಹಂಚಲು ಕೋಣೆಯೇ ಇಲ್ಲದ್ದರಿಂದ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ವೃದ್ಧೆಯ ಕಾಮವನ್ನು ನೀತಿಯ ಪ್ರಶ್ನೆಯಾಗಿ ಚರ್ಚಿಸುವವರು ಅದು ಮೊದಲು ಜಾಗದ ಪ್ರಶ್ನೆ ಎಂಬುದನ್ನು ಮರೆಯುತ್ತಾರೆ. ದೇವದುರ್ಗ, ಮಾನ್ವಿಗಳ ಒಣಬೇಸಾಯದ ಹಳ್ಳಿಗಳಿಂದ ಮಗ-ಸೊಸೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋದ ತಿಂಗಳುಗಳಲ್ಲಿ ಒಳಕೋಣೆ ಮತ್ತೆ ಹಿರಿಯರ ಕೈಗೆ ಬರುತ್ತದೆ. ಗುಳೆಯನ್ನು ಕುರಿತ ಅಧ್ಯಯನಗಳು ಊರಲ್ಲಿ ಉಳಿದ ಮುದುಕರನ್ನು ಒಂಟಿತನ ಮತ್ತು ಹಸಿವಿನ ನೆಲೆಯಿಂದ ನೋಡಿವೆ. ಅದು ಸರಿಯೇ. ಆದರೆ ಆ ಒಂಟಿತನ ಇಬ್ಬರದಾಗಿದ್ದಾಗ ಅದರ ಸ್ವರೂಪ ಬೇರೆಯಾಗಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೋಣೆ ಕಳೆದುಕೊಂಡ ಆಪ್ತತೆ ಸಣ್ಣ ಕೆಲಸಗಳಲ್ಲಿ ತಲೆಮರೆಸಿಕೊಂಡು ಬದುಕುತ್ತದೆ. ಹಲ್ಲು ಹೋದ ಗಂಡನಿಗೆ ಎಲೆ-ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಡುವುದು, ಬಚ್ಚಲಲ್ಲಿ ಬೆನ್ನು ತಿಕ್ಕುವುದು, ಹಿಮ್ಮಡಿಯ ಸೀಳಿಗೆ ಎಣ್ಣೆ ಹಚ್ಚುವುದು, ಒಂದೇ ಸಂಚಿಯಿಂದ ಇಬ್ಬರೂ ತಂಬಾಕು ತೆಗೆದುಕೊಳ್ಳುವುದು. ಇವು ಸೇವೆ ಎಂಬ ಹೆಸರಿನಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತವೆ. ಸೇವೆ ಎಂಬ ಹೆಸರಿರುವುದರಿಂದಲೇ ನಡೆಯಲು ಸಾಧ್ಯವಾಗಿದೆ.

ಇಲ್ಲಿಯೇ ಇನ್ನೊಂದು ಎಚ್ಚರವೂ ಅಗತ್ಯ. ಎಳವೆಯಲ್ಲೇ ಮದುವೆಯಾಗಿ, ವರ್ಷ ಬಿಟ್ಟು ವರ್ಷ ಹೆತ್ತು, ಗಂಡನ ಇಚ್ಛೆಗೆ ಮೈಯೊಡ್ಡುವುದನ್ನೇ ಬಾಳುವೆ ಎಂದು ತಿಳಿದ ಹೆಣ್ಣಿಗೆ ಮುಟ್ಟು ನಿಲ್ಲುವುದು ಬಿಡುಗಡೆಯಾಗಿ ಬಂದಿರಬಹುದು. ಒಬ್ಬಳೇ ಕಾಲು ಚಾಚಿ ಮಲಗುವುದು, ಗರ್ಭದ ಭಯವಿಲ್ಲದಿರುವುದು, ಹೊರಗೆ ಕೂರುವ ಕಟ್ಟು ತಪ್ಪಿ ಗುಡಿಗೂ ಜಾತ್ರೆಗೂ ಯಾವ ದಿನ ಬೇಕಾದರೂ ಹೋಗಬಹುದಾದದ್ದು ಅವಳ ಪಾಲಿಗೆ ಸುಖವೇ. ಬಂಗಾಳದ ಹಳ್ಳಿಯೊಂದರ ವೃದ್ಧೆಯರನ್ನು ಅಧ್ಯಯನ ಮಾಡಿದ ಸಾರಾ ಲ್ಯಾಂಬ್ ತಮ್ಮ ‘ವೈಟ್ ಸಾರೀಸ್ ಅಂಡ್ ಸ್ವೀಟ್ ಮ್ಯಾಂಗೋಸ್’ (2000) ಕೃತಿಯಲ್ಲಿ ಮುಟ್ಟು ನಿಂತ ಮೈಯನ್ನು ತಂಪಾದ, ಒಣಗಿದ ಮೈಯೆಂದು ಅಲ್ಲಿನವರು ಗ್ರಹಿಸುವುದನ್ನೂ, ಅದರಿಂದ ಅವರಿಗೆ ದೊರೆಯುವ ಓಡಾಟದ ಸ್ವಾತಂತ್ರ್ಯವನ್ನೂ ದಾಖಲಿಸಿದ್ದಾರೆ. ಸಿಮೋನ್ ದ ಬೋವಾ ಮುಪ್ಪನ್ನು ಕುರಿತ ತಮ್ಮ ಗ್ರಂಥದಲ್ಲಿ (1970) ಇಳಿವಯಸ್ಸಿನ ಕಾಮವನ್ನು ಅಸಹ್ಯವೆಂದು ಕಾಣುವ ಸಮಾಜವನ್ನು ಟೀಕಿಸಿದ್ದರು. ಕಾಮದ ಹಕ್ಕು ಮತ್ತು ಕಾಮದಿಂದ ಬಿಡುಗಡೆಯ ಹಕ್ಕು ಎರಡನ್ನೂ ಒಂದೇ ಹೆಣ್ಣು ಬೇರೆ ಬೇರೆ ಕಾಲದಲ್ಲಿ ಬಯಸಬಹುದು. ‘ಸಾಕು’ ಎಂಬ ಅವಳ ಮಾತನ್ನು ಆಸೆಯ ಅಭಾವವೆಂದು ಬರೆದುಕೊಳ್ಳುವ ಮೊದಲು, ಏನು ಸಾಕು ಎಂದು ವಿಚಾರಿಸುವುದು ಸಂಶೋಧಕರ ಹೊಣೆ.

ಪರವಾನಗಿ ಪಡೆದ ನಾಲಿಗೆ

ಭಾದ್ರಪದದ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ ಉತ್ತರ ಕರ್ನಾಟಕದ ಉಳಿದೆಡೆಯಂತೆ ಈ ಸೀಮೆಗೂ ಬರುತ್ತಾನೆ. ಮಣ್ಣಿನ ಮೂರ್ತಿಯ ಬಾಯಿಗೆ ಬೆಣ್ಣೆ ಸವರಿ, ಬೇವಿನ ಎಲೆಯಿಂದ ಅಲಂಕರಿಸಿ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವವರು ಅಂಬಿಗ ಮೊದಲಾದ ಸಮುದಾಯಗಳ ಹೆಂಗಸರು. ಕಾಮುಕನಾಗಿ ಮೆರೆದು ಅಗಸರ ಕೈಯಲ್ಲಿ ಸಾಯುವ ಅವನ ಕಥೆಯನ್ನು ಅವರು ಮುಚ್ಚುಮರೆಯಿಲ್ಲದೆ ಹಾಡುತ್ತಾರೆ. ಗುಂಪಿನಲ್ಲಿ ಎಳೆಯರಿದ್ದರೂ ಪದ ಎತ್ತಿಕೊಡುವವಳು ಹಿರಿಯಳು. ಗಂಡಿನ ಪೌರುಷವನ್ನು ಊರ ಅಂಗಳದಲ್ಲಿ ನಿಂತು ಹೊಗಳುವ, ಗೇಲಿ ಮಾಡುವ, ಕೊನೆಗೆ ಅದರ ಸಾವಿಗೆ ಅಳುವ ಅಧಿಕಾರ ಅವಳದು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಈ ಆಚರಣೆಯ ಕಾಮಶಕ್ತಿಯನ್ನು ಭೂಮಿಯ ಪ್ರಶ್ನೆಗೆ ಜೋಡಿಸಿ ದೊಡ್ಡ ನಾಟಕವಾಯಿತು. ಆದರೆ ಆಚರಣೆಯ ಕೇಂದ್ರದಲ್ಲಿದ್ದ ಹಾಡುವ ಮುದುಕಿ ನಾಟಕದ ಕೇಂದ್ರದಲ್ಲಿ ಇಲ್ಲ. ಅಲ್ಲಿ ಮಗುವಿಗಾಗಿ ಹಂಬಲಿಸುವ ಹರೆಯದ ಗೌಡ್ತಿ ಇದ್ದಾಳೆ.

ಮದುವೆಯಲ್ಲಿ ಸುರಗಿ ನೀರು ಹಾಕುವಾಗ, ಅರಿಷಿಣ ಹಚ್ಚುವಾಗ, ಬೀಗರು ಊಟಕ್ಕೆ ಕುಳಿತಾಗ ಇದೇ ಪರವಾನಗಿ ಮತ್ತೆ ಚಾಲ್ತಿಗೆ ಬರುತ್ತದೆ. ಈ ಸೀಮೆಯ ಮುಸ್ಲಿಂ ಮನೆಗಳ ‘ಢೋಲಕ್ ಕೆ ಗೀತ್’ ಪರಂಪರೆಯಲ್ಲಿ ಬೀಗಿತ್ತಿಯನ್ನು ಹಂಗಿಸುವ ಹಾಡುಗಳು ಬೀಗರ ಪದಗಳ ನೇರ ನೆಂಟರು. ಮೊಮ್ಮಗನನ್ನು ‘ನನ್ನ ಗಂಡ’ ಎಂದು ಕರೆದು ಕೆಣಕುವ ಅಜ್ಜಿಯ ಸರಸವೂ ಇದೇ ವರ್ಗಕ್ಕೆ ಸೇರಿದ್ದು. ಇವುಗಳಿಗೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಸೊಸೆಯ ಬಾಯಲ್ಲಿ ಬಂದರೆ ಮನೆ ಒಡೆಯಬಹುದಾದ ಮಾತು ಅತ್ತೆಯ ಬಾಯಲ್ಲಿ ನಗೆಯಾಗುತ್ತದೆ. ಕಾರಣ ಸ್ಪಷ್ಟ: ಅವಳ ಮೈ ಆಟದಿಂದ ಹೊರಗಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಜಾನಪದ ವಿದ್ವಾಂಸರು ಇದನ್ನು ಲೈಂಗಿಕ ಶಿಕ್ಷಣವೆಂದೂ, ಅದುಮಿಟ್ಟ ಭಾವಗಳ ಹೊರಹಾಕುವಿಕೆಯೆಂದೂ ವಿವರಿಸಿರುವುದುಂಟು. ಎರಡರಲ್ಲಿಯೂ ಹಾಡುವವಳ ಸದ್ಯದ ಅನುಭವಕ್ಕೆ ಎಡೆಯಿಲ್ಲ: ಒಂದರಲ್ಲಿ ಅವಳು ಪಾಠ ಹೇಳುವವಳು, ಇನ್ನೊಂದರಲ್ಲಿ ಹಳೆಯದನ್ನು ಕಾರಿಕೊಳ್ಳುವವಳು. ಹಾಡುವ ಹೊತ್ತಿನ ಸುಖ, ಅಂದರೆ ಆ ಪದಗಳನ್ನು ನಾಲಿಗೆಯ ಮೇಲೆ ಹೊರಳಿಸುವ, ಹತ್ತು ಹೆಂಗಸರ ಮೈ ತಾಗಿಸಿಕೊಂಡು ಕುಳಿತು ಉಸಿರು ಸಿಕ್ಕುವಷ್ಟು ನಗುವ ಸುಖ, ವಿಶ್ಲೇಷಣೆಯಿಂದ ಜಾರಿಹೋಗುತ್ತದೆ.

ಒಡಪಿನ ನಿದರ್ಶನ ಇದಕ್ಕಿಂತ ಸೂಕ್ಷ್ಮವಾದುದು. ದಿನನಿತ್ಯ ಗಂಡನ ಹೆಸರು ಹೇಳದ ಹೆಣ್ಣು ಶುಭಕಾರ್ಯದಲ್ಲಿ ಪ್ರಾಸಕಟ್ಟಿ ಅದನ್ನು ಎಲ್ಲರೆದುರು ನುಡಿಯುತ್ತಾಳೆ. ಹೊಸ ಮದುವಣಗಿತ್ತಿ ನಾಚಿ ಎರಡು ಸಾಲಿಗೆ ಮುಗಿಸಿದರೆ, ಪಳಗಿದ ಹಿರಿಯಳು ಉದ್ದವಾಗಿ ಎಳೆದು, ಗಂಡನ ಸಿಟ್ಟು, ಸೊಗಸು, ಚಪಲಗಳನ್ನೆಲ್ಲ ಹೆಣೆದು ಹೆಸರಿಗೆ ತಂದು ನಿಲ್ಲಿಸುತ್ತಾಳೆ. ಹಿರಿಯ ಹೆಣ್ಣು ತನ್ನದೇ ದಾಂಪತ್ಯವನ್ನು, ತನ್ನದೇ ಗಂಡನ ಹೆಸರನ್ನು ಹಿಡಿದು ಸಭೆಯಲ್ಲಿ ಮಾತಾಡುವ ಪ್ರಕಾರ ಇದೊಂದೇ ಇರಬೇಕು. ಆ ಕಾರಣಕ್ಕೇ ಅದಕ್ಕೆ ಕಟ್ಟುನಿಟ್ಟಾದ ಕೊನೆಯಿದೆ. ಗಂಡ ಸತ್ತ ಮೇಲೆ ಅವಳನ್ನು ಒಡಪು ಹೇಳೆಂದು ಕೇಳುವವರಿಲ್ಲ. ಬೀಗರ ಪದದ ಗುಂಪಿನಲ್ಲಿ ಅವಳ ದನಿ ಉಳಿಯಬಹುದು, ಏಕೆಂದರೆ ಅದು ಇನ್ನೊಬ್ಬರ ಮೈಯನ್ನು ಕುರಿತದ್ದು. ತನ್ನ ಮೈಯನ್ನು ಕುರಿತ ಒಡಪು ಗಂಡನೊಡನೆ ಹೋಗುತ್ತದೆ. ನಲವತ್ತು ವರ್ಷ ಕಟ್ಟಿದ ಪ್ರಾಸಗಳೆಲ್ಲ ಅವಳಿಗೆ ನೆನಪಿರುತ್ತವೆ. ಹೇಳುವ ಸಂದರ್ಭ ಮಾತ್ರ ಇಲ್ಲ.

ಸಂಗ್ರಾಹಕರ ಪಾತ್ರವನ್ನೂ ಇಲ್ಲಿ ಹೇಳಬೇಕು. ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ಸಂಕಲನ ಕನ್ನಡ ಜಾನಪದಕ್ಕೆ ಅಡಿಗಲ್ಲು. ಅದಕ್ಕೆ ಅವರಿಟ್ಟ ಹೆಸರು ‘ಗರತಿಯ ಹಾಡು’. ಆ ಕಾಲದ ಓದುಗವರ್ಗದ ಮುಂದೆ ಹಳ್ಳಿಯ ಹೆಣ್ಣಿನ ಕಾವ್ಯವನ್ನು ತಲೆಯೆತ್ತಿ ನಿಲ್ಲಿಸಲು ಆ ಹೆಸರು ಬೇಕಿತ್ತು ಎಂಬುದನ್ನು ಒಪ್ಪಬೇಕು. ಆದರೂ ಶೀರ್ಷಿಕೆ ಒಂದು ಆಯ್ಕೆ. ಹಾಡುವವಳು ಗರತಿ ಎಂದು ಒಮ್ಮೆ ಗೊತ್ತುಪಡಿಸಿದ ಮೇಲೆ ಯಾವ ಪ್ರಶ್ನೆಗಳನ್ನು ಅವಳಿಗೆ ಕೇಳಬಾರದು ಎಂಬುದೂ ಗೊತ್ತಾಗಿಬಿಡುತ್ತದೆ.

ದಾಸರ ನೆಲದಲ್ಲಿ

ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಈ ಪರಂಪರೆಯ ಹಾಡುಗಳನ್ನು ಮನೆಯೊಳಗೆ ಉಳಿಸಿದವರಲ್ಲಿ ಮಡಿ ಹೆಂಗಸರ ಪಾಲು ದೊಡ್ಡದು. ಕೇಶವನ್ನೂ ಕುಂಕುಮವನ್ನೂ ಕಳೆದುಕೊಂಡ ವಿಧವೆ ಗೋಪಿಯರ ವಿರಹವನ್ನು, ರುಕ್ಮಿಣಿ-ಸತ್ಯಭಾಮೆಯರ ಸರಸವನ್ನು ದಿನವೂ ಹಾಡಬಹುದಿತ್ತು. ಭಕ್ತಿ ಅವಳಿಗೆ ಶೃಂಗಾರದ ಇಡೀ ಶಬ್ದಕೋಶವನ್ನು ಕೊಟ್ಟಿತು. ನಾಯಕ ದೇವರಾಗಿರಬೇಕು ಎಂಬುದು ಅದರ ಷರತ್ತು.

ಹೆಳವನಕಟ್ಟೆ ಗಿರಿಯಮ್ಮ ಗೋಪಾಲದಾಸರಿಂದ ಉಪದೇಶ ಪಡೆದಳೆಂದು ಸಂಪ್ರದಾಯ ಹೇಳುತ್ತದೆ. ಗಂಡನಿಗೆ ಇನ್ನೊಂದು ಮದುವೆ ಮಾಡಿಸಿ ತಾನು ದಾಂಪತ್ಯದಿಂದ ದೂರ ಉಳಿದಳು ಎಂಬುದೂ ಅದೇ ಸಂಪ್ರದಾಯದ ಕಥನ. ಈ ಕಥನ ನಿಜವೋ ಅಲ್ಲವೋ ಎಂಬುದಕ್ಕಿಂತ ಅದು ಏಕೆ ಬೇಕಾಯಿತು ಎಂಬುದು ಮುಖ್ಯ. ಹಾಡು ಕಟ್ಟುವ ಹೆಣ್ಣು ಹಾಸಿಗೆಯನ್ನು ಬಿಟ್ಟಿರಬೇಕು. ಆಗ ಅವಳ ಹಾಡು ಶುದ್ಧ. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡು ಕಟ್ಟಿದ್ದು ವೈಧವ್ಯದ ನಂತರವೆಂದು ಅವಳ ಚರಿತ್ರೆಕಾರರು ಹೇಳುತ್ತಾರೆ. ಅವಳ ಮತ್ತು ಗಲಗಲಿ ಅವ್ವನ ‘ಮುಯ್ಯದ ಹಾಡು’ಗಳಲ್ಲಿ ತವರಿನವರೂ ಅತ್ತೆಮನೆಯವರೂ ಪರಸ್ಪರ ಕೆಣಕಿ ಹಂಗಿಸುವ ಮಾತುಗಾರಿಕೆ, ಕೃಷ್ಣ-ಪಾಂಡವರ ಅಂತಃಪುರವನ್ನು ಸೀಮೆಯ ಮದುವೆಮನೆಯಾಗಿಸುತ್ತದೆ. ಬೀಗರ ಪದದ ಪರವಾನಗಿ ಪುರಾಣದ ಉಡುಗೆ ತೊಟ್ಟು ಬಂದಿದೆ. ದಾಸಸಾಹಿತ್ಯದ ಅಧ್ಯಯನಗಳು ಇವರ ಭಕ್ತಿಯನ್ನೂ ತತ್ತ್ವವನ್ನೂ ಹೊಗಳಿವೆ. ಆದರೆ ಮಂಗಳಕಾರ್ಯದ ಪಂಕ್ತಿಗೆ ಬಾರದ ಹೆಣ್ಣೊಬ್ಬಳು ದಾಂಪತ್ಯದ ಕೀಟಲೆಗಳನ್ನು ಅಷ್ಟು ಸವಿದು ಬರೆದದ್ದರ ಅರ್ಥವನ್ನು ವಿಚಾರಿಸಿದ್ದು ಕಡಿಮೆ.

ಮೂಕಜ್ಜಿಯಿಂದ ಈಚೆಗೆ

ಆಧುನಿಕ ಕನ್ನಡದಲ್ಲಿ ಪರವಾನಗಿ ಪಡೆದ ನಾಲಿಗೆಯ ಶ್ರೇಷ್ಠ ಪ್ರತಿಮೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968). ಎಂಬತ್ತರ ಆಸುಪಾಸಿನ ಅಜ್ಜಿ ಕಾಮವನ್ನು ಸೃಷ್ಟಿಯ ಮೂಲವೆಂದು ನಿರ್ಭಿಡೆಯಿಂದ ಎತ್ತಿಹಿಡಿಯುತ್ತಾಳೆ. ಮೈಯನ್ನು ಹಳಿಯುವ ಧರ್ಮಗಳನ್ನು ಗೇಲಿ ಮಾಡುತ್ತಾಳೆ. ಕನ್ನಡ ಕಾದಂಬರಿಯಲ್ಲಿ ಇಂಥ ಧೈರ್ಯದ ಮುದುಕಿ ಮತ್ತೊಬ್ಬಳಿಲ್ಲ. ಆದರೆ ಅವಳು ಬಾಲವಿಧವೆ. ದಾಂಪತ್ಯದ ಅನುಭವವೇ ಇಲ್ಲದವಳು. ಅವಳ ಅರಿವು ಬರುವುದು ವಸ್ತುಗಳನ್ನು ಮುಟ್ಟಿದಾಗ ಕಾಣುವ ದರ್ಶನಗಳಿಂದ. ತನ್ನ ಮೈಯಿಂದ ತಿಳಿದದ್ದನ್ನು ಹೇಳುವ ಮುದುಕಿಯನ್ನು ಕಾರಂತರಂಥ ಕಾರಂತರೂ ಕಲ್ಪಿಸಲಿಲ್ಲ, ಅಥವಾ ಅಂಥವಳ ಮಾತಿಗೆ ಓದುಗರು ಕಿವಿಗೊಡುವುದಿಲ್ಲವೆಂದು ಬಗೆದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇನ್ನೊಂದು ಬದಿಯಿಂದ ಇದೇ ಸ್ಥಳಕ್ಕೆ ಬರುತ್ತದೆ: ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳ ಹಿರಿಮೆ ಇರುವುದು ಮೈಯನ್ನು ಗೆದ್ದದ್ದರಲ್ಲಿ, ಇತರ ಹೆಣ್ಣುಮಕ್ಕಳ ಮೈಯ ಸಂಕಟಕ್ಕೆ ಮರುಗಿದ್ದರಲ್ಲಿ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ‘ಎ ಡಿಸಿಷನ್ ಆಫ್ ದ ಹಾರ್ಟ್’ ಎಂಬ ಶೀರ್ಷಿಕೆಯಲ್ಲಿ ಅನುವಾದಗೊಂಡಿರುವ ಕಥೆ ಈ ಸಾಲಿನಿಂದ ಹೊರಗೆ ಹೆಜ್ಜೆಯಿಡುತ್ತದೆ. ವಿಧವೆ ತಾಯಿಗೆ ಮಗನೇ ಮರುನಿಕಾಹ್ ಮಾಡಿಸಲು ಹೊರಡುವ ಕಥೆಯಿದು. ಮಕ್ಕಳನ್ನು ಬೆಳೆಸಿ ಮುಗಿಸಿದ ಹೆಣ್ಣಿಗೂ ಸಂಗಾತಿ ಇರಬಹುದು ಎಂಬ ಸಾಧ್ಯತೆಯನ್ನು ಅದು ತೆರೆಯುತ್ತದೆ. ಆದರೆ ನಿರ್ಧಾರ ಮೊಳೆಯುವುದು ಹೆಂಡತಿ ಮತ್ತು ತಾಯಿಯ ನಡುವೆ ಸಿಕ್ಕಿಬಿದ್ದ ಮಗನ ಮನಸ್ಸಿನಲ್ಲಿ ಎಂಬುದು ಲೇಖಕಿಯ ವ್ಯಂಗ್ಯ. ಹೃದಯ ಯಾರದು ಎಂಬ ಪ್ರಶ್ನೆಯನ್ನು ಶೀರ್ಷಿಕೆ ಉದ್ದೇಶಪೂರ್ವಕವಾಗಿಯೇ ತೆರೆದಿಟ್ಟಂತಿದೆ.

ರಾಯಚೂರಿನದೇ ಆದ ಕೊಡುಗೆ ಕನ್ನಡ ಗಜಲ್. ಹೆಂಬೇರಾಳಿನ ಶಾಂತರಸರು ಉರ್ದುವಿನ ಈ ಪ್ರಕಾರವನ್ನು ಕನ್ನಡಕ್ಕೆ ಒಗ್ಗಿಸಿದರು, ಎಚ್.ಎಸ್. ಮುಕ್ತಾಯಕ್ಕ ಅವರು ಅದರಲ್ಲಿ ಹೆಣ್ಣಿನ ದನಿಯನ್ನು ನೆಲೆಗೊಳಿಸಿದರು. ಗಜಲಿನ ರಾಚನಿಕ ಗುಣವೊಂದು ಇಲ್ಲಿ ಉಪಯುಕ್ತ. ಅದರ ‘ನಾನು’ವಿಗೆ ವಯಸ್ಸಿಲ್ಲ. ಸೋಬಾನೆಯಲ್ಲಿ ಹಾಡುವವಳು ಬೇರೆ, ಬಯಸುವವಳು ಬೇರೆ. ದಾಸರ ಹಾಡಿನಲ್ಲಿ ಬಯಸುವವಳು ಗೋಪಿ. ಗಜಲಿನಲ್ಲಿ ಮಾತ್ರ ಬಯಸುವವಳೇ ಮಾತಾಡುತ್ತಾಳೆ, ಕೊನೆಯ ದ್ವಿಪದಿಯಲ್ಲಿ ಹೆಸರನ್ನೂ ಹಾಕಬಹುದು. ಇಪ್ಪತ್ತರಲ್ಲಿ ಹಿಡಿದ ಪ್ರಕಾರವನ್ನು ಎಪ್ಪತ್ತರಲ್ಲಿಯೂ ಬದಲಿಸದೆ ಬಳಸಬಹುದಾದ ಅವಕಾಶ ಇಲ್ಲಿದೆ.

ಉಡಿಕೆ, ಪಿಂಚಣಿ, ಗರ್ಭಕೋಶ

ಈ ಭಾಗದ ಹಲವು ಸಮುದಾಯಗಳಲ್ಲಿ ವಿಧವೆಯರ ಮರುಮದುವೆಗೆ ‘ಉಡಿಕೆ’ ಎಂಬ ಪದ್ಧತಿ ಇತ್ತು, ಇದೆ. ಸೀರೆ ಉಡಿಸಿ ಮುಗಿಸುವ ಈ ಸರಳ ವಿಧಿ ಸುಧಾರಕರ ಕಾಯ್ದೆಗಳಿಗಿಂತ ಹಳೆಯದು. ಆದರೆ ಅದು ಮುಖ್ಯವಾಗಿ ಹೆರುವ, ದುಡಿಯುವ ಹರೆಯದ ಹೆಣ್ಣಿಗೆ ಸಂದದ್ದು; ಉಡಿಕೆಯಾದವಳನ್ನು ಕೆಲವು ಮಂಗಳಕಾರ್ಯಗಳಿಂದ ದೂರವಿಡುವ ರೂಢಿಯೂ ಅದರ ಜೊತೆಗಿತ್ತು. ಐವತ್ತು ದಾಟಿದ ವಿಧವೆಗೆ ಉಡಿಕೆಯ ಮಾತೆತ್ತುವುದು ನಗೆಗೀಡಾಗುವ ಸಂಗತಿ.

ಇಂದು ಅದಕ್ಕೆ ಸರಕಾರದ ನಿಯಮವೂ ಜೊತೆಗೂಡಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ವಿಧವಾ ಪಿಂಚಣಿ ಯೋಜನೆ 40ರಿಂದ 79 ವರ್ಷದ ಬಡ ವಿಧವೆಯರಿಗೆ ಅನ್ವಯಿಸುತ್ತದೆ. ಮರುಮದುವೆಯಾದರೆ ಪಿಂಚಣಿ ನಿಲ್ಲುತ್ತದೆ. ಮೊತ್ತ ಚಿಕ್ಕದಿರಬಹುದು. ಆದರೆ ಅರವತ್ತೈದರ ಕೂಲಿ ಹೆಣ್ಣಿಗೆ ಅದು ತನ್ನ ಹೆಸರಿನಲ್ಲಿ ಬರುವ ಏಕೈಕ ಹಣವಾಗಿರುವಾಗ, ಸಂಗಾತಿಯೋ ಪಿಂಚಣಿಯೋ ಎಂಬ ಆಯ್ಕೆಯನ್ನು ಅವಳ ಮುಂದೆ ಇಟ್ಟಂತಾಗುತ್ತದೆ. ಒಟ್ಟಿಗೆ ಬಾಳಬೇಕೆನ್ನುವ ಇಬ್ಬರು ಹಿರಿಯರು ಅದನ್ನು ಹೆಸರಿಲ್ಲದ ಸಂಬಂಧವಾಗಿ ಇಟ್ಟುಕೊಳ್ಳುವುದೇ ಲೇಸು ಎಂದು ನಿಯಮವೇ ಸೂಚಿಸುತ್ತದೆ. ಹೆಸರಿಲ್ಲದ್ದನ್ನು ಊರು ಮತ್ತೆ ಹಂಗಿಸುತ್ತದೆ.

ಬಸವಿಯರ ಸ್ಥಿತಿ ಇನ್ನೂ ತೊಡಕಿನದು. ದೇವರಿಗೆ ಬಿಟ್ಟವಳು ನಿತ್ಯಮುತ್ತೈದೆ; ಎಲ್ಲಮ್ಮನ ಪರಂಪರೆಯಲ್ಲಿ ರಂಡಿ ಹುಣ್ಣಿಮೆಗೆ ಬಳೆ ಒಡೆದು ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡುವ ವಿಧಿ ಇದನ್ನೇ ಸಾರುತ್ತದೆ. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯ ನಂತರ 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ಮಹಿಳೆಯರು ಗುರುತಿಸಲ್ಪಟ್ಟರು. ರಾಯಚೂರು ಆ ಜಿಲ್ಲೆಗಳಲ್ಲೊಂದು. ಮೊದಲ ಸಮೀಕ್ಷೆಯಲ್ಲಿ ದಾಖಲಾದವರಲ್ಲಿ ಬಹಳಷ್ಟು ಮಂದಿ ಇಂದು ವೃದ್ಧೆಯರು. ದಲಿತ ಹೆಣ್ಣಿನ ಮೈಯನ್ನು ಮೇಲ್ಜಾತಿಯ ಗಂಡಸಿಗೆ ಧರ್ಮದ ಹೆಸರಿನಲ್ಲಿ ಒಪ್ಪಿಸಿದ ಈ ಪದ್ಧತಿಯನ್ನು ಶೋಷಣೆಯೆಂದೇ ಕರೆಯಬೇಕು. ಹಾಗೆ ಕರೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ವೃದ್ಧ ಬಸವಿಯನ್ನು ಹರೆಯದ ದಿನಗಳ ಬಗ್ಗೆ ಕೇಳದ ಸಂಶೋಧಕರಿಲ್ಲ. ಈಗ ಅವಳ ಪಕ್ಕದಲ್ಲಿ ಯಾರಿದ್ದಾರೆ, ಯಾರು ಇರಬೇಕೆಂದು ಅವಳಿಗೆ ಅನಿಸುತ್ತದೆ ಎಂದು ಕೇಳಿದವರು ವಿರಳ. ಮೈಯ ಮೇಲಿನ ಅಧಿಕಾರವನ್ನು ಎಳವೆಯಲ್ಲಿ ಕಿತ್ತುಕೊಂಡ ಸಮಾಜ ಮುಪ್ಪಿನಲ್ಲಿ ಅವಳಿಗೆ ಮೈಯೇ ಇಲ್ಲವೆನ್ನುವುದು ಎರಡನೆಯ ಅನ್ಯಾಯ.

ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಪ್ರಕರಣ 2015ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ಸಿಲುಕಿದವರಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರೇ ಹೆಚ್ಚಾಗಿದ್ದರು. ಮಕ್ಕಳಾದ ಮೇಲೆ ಆ ಅಂಗದಿಂದೇನು ಎಂಬ ತರ್ಕ ಅಂಥ ಶಸ್ತ್ರಚಿಕಿತ್ಸೆಗಳಿಗೆ ಸುಲಭವಾಗಿ ಒಪ್ಪಿಗೆ ದೊರಕಿಸುತ್ತದೆ. ಅಂಡಾಶಯವನ್ನೂ ತೆಗೆದರೆ ಮುಟ್ಟಿನ ಜೊತೆಗೆ ಹಾರ್ಮೋನುಗಳೂ ಹಠಾತ್ತನೆ ನಿಂತು, ಒಣಗುವಿಕೆ, ಕೂಡುವಾಗಿನ ನೋವು, ಮೂಳೆ ಸವೆತಗಳು ಬೇಗನೆ ಎದುರಾಗುತ್ತವೆ. ಈ ನೋವಿಗೆ ಚಿಕಿತ್ಸೆಯಿದೆ. ಆದರೆ ಅದನ್ನು ವೈದ್ಯರ ಮುಂದೆ ಹೇಳಲು ಬೇಕಾದ ಮಾತು ಅರವತ್ತರ ಹೆಣ್ಣಿಗೆ ಎಲ್ಲಿಂದ ಬರಬೇಕು? ಮದುವೆಮನೆಯಲ್ಲಿ ನೂರು ಜನರೆದುರು ಬೀಗರ ಮೈಯನ್ನು ಅಂಗಾಂಗವಾಗಿ ಹಾಡಿದವಳು ಆಸ್ಪತ್ರೆಯ ಮೇಜಿನೆದುರು ‘ಸೊಂಟ ನೋಯುತ್ತದೆ’ ಎಂದಷ್ಟೇ ಹೇಳಿ ಎದ್ದುಬರುತ್ತಾಳೆ. ಒಂದು ಕಡೆ ಮಾತು ಬೇರೆಯವರ ಮೈಯದು. ಇನ್ನೊಂದು ಕಡೆ ತನ್ನದು.

‘ಅಜ್ಜಿಗೆ ಅರಿವೆ ಚಿಂತೆ’ ಎಂಬ ಗಾದೆಯ ಮೊದಲ ಭಾಗ ಎಲ್ಲೆಡೆ ಒಂದೇ. ಎರಡನೆಯ ಭಾಗ ಮಾತ್ರ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ: ಮಗಳಿಗೆ ಗಂಡನ ಚಿಂತೆ ಎನ್ನುವವರುಂಟು, ಮೊಮ್ಮಗಳಿಗೆ ಮಿಂಡನ ಚಿಂತೆ ಎನ್ನುವವರುಂಟು, ಕಜ್ಜಾಯದ ಚಿಂತೆ ಎನ್ನುವವರೂ ಉಂಟು. ಆಸೆಗಳೆಲ್ಲ ಎಳೆಯಳ ಪಾಲಿಗೆ ಬಂದು, ಅಜ್ಜಿಗೆ ಉಳಿದದ್ದು ಮೈ ಮುಚ್ಚುವ ಬಟ್ಟೆಯೊಂದೇ. ಗಾದೆಯ ಪಾಠಾಂತರಗಳನ್ನು ಸಂಗ್ರಹಿಸುವವರು ಮೊದಲ ಭಾಗಕ್ಕೂ ಪಾಠಾಂತರ ಇರಬಹುದೇ ಎಂದು ಅಜ್ಜಿಯರನ್ನೇ ಕೇಳಬಹುದು. ಹಾಗೆ ಕೇಳುವಾಗ ಮಗ, ಸೊಸೆ, ಧ್ವನಿಮುದ್ರಣ ಯಂತ್ರ ಮೂರೂ ಪಕ್ಕದಲ್ಲಿರಬಾರದು. ಹಾಡಿನ ಜೊತೆಗೆ ಅದನ್ನು ಅವಳು ಯಾವ ವಯಸ್ಸಿನಲ್ಲಿ ಕಲಿತಳು, ಯಾವ ವಯಸ್ಸಿನಿಂದ ಮುಂದಾಗಿ ಹಾಡತೊಡಗಿದಳು, ಗಂಡ ಸತ್ತ ಮೇಲೆ ಯಾವುದನ್ನು ಬಿಟ್ಟಳು ಎಂಬ ಮೂರು ವಿವರಗಳನ್ನು ಬರೆದುಕೊಂಡರೆ ವಕ್ತೃಗಳ ಪಟ್ಟಿ ಅನುಬಂಧದಿಂದ ಒಳಪುಟಕ್ಕೆ ಬರುತ್ತದೆ.